ಒಂದು ಕಿವಿಯಲ್ಲಿ ನಾಟಕ

ನಮ್ಮ ಸೀಮೆಯ ದೊಡ್ಡಾಟದಲ್ಲಿ ಈ ತಾಪತ್ರಯವೇ ಇಲ್ಲ ನೋಡಿ. ಭಾಗವತರು, ಮದ್ದಳೆಯವರು ಎಲ್ಲಾ ಪಾತ್ರಧಾರಿಯ ಬೆನ್ನಿಗೇ ಅಟ್ಟದ ಮೇಲೆ ನಿಂತಿರುತ್ತಾರೆ. ಕುಣಿಯುವವನ ಕಾಲು ಅವರಿಗೆ ಕಾಣುತ್ತದೆ, ಅವರ ಪದ ಇವನಿಗೆ ಕೇಳುತ್ತದೆ. ಯಾರೂ ಯಾರಿಗೂ ಸನ್ನೆ ಮಾಡಬೇಕಾಗಿಲ್ಲ. ಕಂಪನಿ ನಾಟಕ ಬಂತು, ಜೊತೆಗೆ ಪರದೆ ಬಂತು, ಸೈಡ್ ವಿಂಗ್ ಬಂತು, ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರ್ ಬಂದ, ಪರದೆ ಎಳೆಯುವವನಿಗೊಂದು ಸೀಟಿ ಬಂತು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853-1912), ಬಳ್ಳಾರಿ ರಾಘವರು (1880-1946) ಬಳ್ಳಾರಿಯಲ್ಲಿ ರಂಗವನ್ನು ಬೆಳಗಿದ ಕಾಲದಲ್ಲಿ ನಮ್ಮ ಆದವಾನಿ, ಆಲೂರು ಕೂಡ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ರಾಯದುರ್ಗವೂ ಸೇರಿ ಈ ಮೂರು ತಾಲೂಕು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಬಂದವು. ಅವುಗಳ ಜೊತೆ ನಾವೂ ಬಂದೆವು. ನಾಟಕದ ಹುಚ್ಚೂ ಬಂತು ಅನ್ನಿ!

ಇರಲಿ, ವಿಷಯಕ್ಕೆ ಬರುತ್ತೇವೆ.

2023ರ ನವೆಂಬರ್‌ನಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ರಾಜ್ಯೋತ್ಸವಕ್ಕೆ ಏಕಲವ್ಯನ ನಾಟಕ ಆಡಿಸಿದೆವು. ನಾವೇ ಬರೆದದ್ದು, ಮಕ್ಕಳೇ ಆಡಿದ್ದು. ಏಕಲವ್ಯ ಚಾಕು ಎತ್ತಿದ ಕೂಡಲೇ ದೀಪ ಪೂರ್ತಿ ಆರಬೇಕು. ಕತ್ತಲಲ್ಲಿ ಒಂದು ಡೋಲಿನ ಪೆಟ್ಟು ಬೀಳಬೇಕು. ಮತ್ತೆ ಬೆಳಕು ಬಂದಾಗ ಹುಡುಗನ ಕೈಗೆ ಕೆಂಪು ಬಟ್ಟೆ ಸುತ್ತಿರಬೇಕು. ದೀಪದ ಸ್ವಿಚ್ಚು ಶಾಮಿಯಾನದ ಕೊನೆಗೆ, ಡೋಲು ವಿಂಗಿನಲ್ಲಿ, ಪರದೆಯ ಹಗ್ಗ ಇನ್ನೊಂದು ಬದಿಗೆ. ಸನ್ನೆಗೆ ನಮ್ಮ ಹತ್ತಿರ ಇದ್ದದ್ದು ಒಂದು ಟಾರ್ಚು. ಆ ಹೊತ್ತಿಗೆ ಸರಿಯಾಗಿ ಊರ ಹಿರಿಯರೊಬ್ಬರು ಟಾರ್ಚಿಗೆ ಅಡ್ಡವಾಗಿ ಎದ್ದು ನಿಂತರು. ಡೋಲಿನವನು ಹೊಡೆದ, ದೀಪ ಆರಲಿಲ್ಲ. ಹುಡುಗ ಉರಿಯುವ ಬೆಳಕಿನಲ್ಲಿ ಹೆಬ್ಬೆರಳು ಚಾಚಿಕೊಂಡು ನಿಂತೇ ಇದ್ದ. ಬೆರಳು ಗಟ್ಟಿಯಾಗಿ ಕೈಯಲ್ಲೇ ಇತ್ತು. ಜನ ನಕ್ಕರು. ಹುಡುಗ ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮನೆಗೆ ಹೋಗಿ ಕರೆತಂದೆವು. ತಪ್ಪು ಅವನದಲ್ಲ ಎಂದು ಎಷ್ಟು ಹೇಳಿದರೂ ಅವನು ತಲೆ ಎತ್ತಲಿಲ್ಲ.

2024ರ ಫೆಬ್ರವರಿಯಲ್ಲಿ ಆದವಾನಿಯ ಒಂದು ಸಭಾಂಗಣದಲ್ಲಿ ಅದೇ ನಾಟಕ ಆಡುವ ಅವಕಾಶ ಸಿಕ್ಕಿತು. ಈ ಸಲ ಹಾಗಾಗಬಾರದೆಂದು ರಾಯಚೂರಿನಲ್ಲಿ ಸೌಂಡ್ ಸರ್ವಿಸ್ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆವು. ಅವನು ಎಲ್ಲಿಂದಲೋ ಹಳೆಯದೊಂದು ಇಂಟರ್‌ಕಾಂ ಸೆಟ್ಟು ತಂದ. ಒಂದು ಮೇನ್ ಸ್ಟೇಷನ್ನು, ಸೊಂಟಕ್ಕೆ ಸಿಕ್ಕಿಸುವ ನಾಲ್ಕು ಡಬ್ಬಿ, ಒಂದೇ ಕಿವಿಗೆ ಮುಚ್ಚುವ ನಾಲ್ಕು ಹೆಡ್‌ಸೆಟ್ಟು, ಉದ್ದನೆಯ ವೈರು. ಎಲ್ಲರೂ ಒಂದೇ ತಂತಿಯ ಮೇಲೆ ಇರುತ್ತಾರೆ. ಒಬ್ಬ ಮಾತಾಡಿದ್ದು ಎಲ್ಲರಿಗೂ ಕೇಳುತ್ತದೆ. ಹೀಗೆ ಡಬ್ಬಿಗಳಿಂದ ಮಾತಾಡುವ ಏರ್ಪಾಡನ್ನು ಮಾಡಿ ಹೆಸರಾದ ಕ್ಲಿಯರ್‌ಕಾಂ ಕಂಪನಿ 1968ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿತು. ರಾಕ್ ಸಂಗೀತದ ಗದ್ದಲದಲ್ಲಿ ಸೌಂಡಿನವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ಪೇಚಾಡುತ್ತಿದ್ದರಂತೆ. ನಮ್ಮ ಜನರೇಟರಿನ ಗದ್ದಲವನ್ನು ಅವರು ಕೇಳಿಲ್ಲ, ಅಷ್ಟೇ.

ತಾಲೀಮು ಶುರುವಾಯಿತು. ಮಾತೆಲ್ಲ ಚೆನ್ನಾಗಿ ಕೇಳುತ್ತಿತ್ತು. ಆದರೆ ಡೋಲಿನ ಹುಡುಗ ಐದೇ ನಿಮಿಷಕ್ಕೆ ಹೆಡ್‌ಸೆಟ್ಟಿನಲ್ಲಿ ಕೂಗಿದ: "ಸಾರ್, ನಿಮ್ಮ ಮಾತು ಕೇಳ್ತೈತಿ, ನಾಟಕ ಕೇಳ್ಸವಲ್ದು!" ನಿಜ. ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ. ವಿಂಗಿನಲ್ಲಿ ನಿಂತವನಿಗೆ ಸಿಗುವುದು ಗೋಡೆಗೆ ಬಡಿದು ಬಂದ ಗೊಂದಲದ ಸದ್ದು. ಒಂದು ಕಿವಿ ಹೆಡ್‌ಸೆಟ್ಟಿಗೆ ಹೋಯಿತು, ಇನ್ನೊಂದು ಜನರೇಟರಿಗೆ.

ಮೊದಲು ಮಾಡಿದ್ದು ಸುಲಭದ ಉಪಾಯ. ಮುಂದಿನ ಸಾಲಿನಲ್ಲಿದ್ದ ನಮ್ಮ ಹೆಡ್‌ಸೆಟ್ಟಿನ ಮೈಕನ್ನು ಆರಿಸದೆ ಹಾಗೇ ಬಿಟ್ಟೆವು. ನಾಟಕ ಎಲ್ಲರಿಗೂ ಹೋಗಲಿ ಎಂದು. ಹೋಯಿತು, ಜೊತೆಗೆ ನಮ್ಮ ಉಸಿರು, ಕೆಮ್ಮು, ಪಕ್ಕದ ಮಗುವಿನ ಅಳು ಎಲ್ಲವೂ ಹೋಯಿತು.

ಎರಡನೆಯದು ಹೇಳಿಕೊಳ್ಳಲು ನಾಚಿಕೆ. ಮಿಕ್ಸರಿನಲ್ಲಿ ನಾಟಕದ ದನಿ ಇದೆ, ಇಂಟರ್‌ಕಾಮಿನಲ್ಲಿ ತಂತಿ ಇದೆ, ಎರಡರ ಜ್ಯಾಕೂ ಮೂರು ಪಿನ್ನಿನದೇ. ಹಳೆಯ ವಿದ್ಯಾರ್ಥಿ ಚಹಾಕ್ಕೆ ಹೋದಾಗ ನಾವೇ ಜಾಣರಾಗಿ ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿದೆವು. 'ಗುಂಯ್' ಎಂದಿತು, ನಾಲ್ಕೂ ಹೆಡ್‌ಸೆಟ್ಟು ಸತ್ತವು. ಮಿಕ್ಸರಿನ ಆ ಔಟ್‌ಪುಟ್ಟೂ ಹೋಯಿತು. ರಿಪೇರಿಯ ದುಡ್ಡು ನಾವು ಶಿಕ್ಷಕರೇ ಹಂಚಿಕೊಂಡು ಕೊಟ್ಟೆವು.

ಯಾಕೆ ಹೀಗಾಯಿತೆಂದು ಆ ಹುಡುಗ ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ (ಗುರುಗಳಿಗೆ ಪಾಠ!). ಮಿಕ್ಸರಿನ ಜ್ಯಾಕಿನಲ್ಲಿ 1ನೇ ಪಿನ್ನು ಅರ್ತು, 2 ಮತ್ತು 3ರಲ್ಲಿ ದನಿ. ಈ ಇಂಟರ್‌ಕಾಮಿನಲ್ಲಿ 1ನೇ ಪಿನ್ನು ಅರ್ತು, 3ರಲ್ಲಿ ಮಾತು, ಆದರೆ 2ರಲ್ಲಿ ಸುಮಾರು 30 ವೋಲ್ಟ್ ಡಿ.ಸಿ. ಕರೆಂಟು! ಸೊಂಟದ ಡಬ್ಬಿಗಳಿಗೆ ಬ್ಯಾಟರಿ ಇಲ್ಲ, ಅವು ಬದುಕುವುದೇ ಆ 30 ವೋಲ್ಟಿನ ಮೇಲೆ. ಅದನ್ನು ನಾವು ಒಯ್ದು ಮಿಕ್ಸರಿನ ಬಾಯಿಗೆ ಸುರಿದಿದ್ದೆವು. ಎಲ್ಲಾ ಕಂಪನಿಯ ಸೆಟ್ಟುಗಳಲ್ಲೂ ಪಿನ್ನುಗಳ ಕ್ರಮ ಒಂದೇ ಇರುವುದಿಲ್ಲವಂತೆ. ಕೆಲವದರಲ್ಲಿ ಕರೆಂಟೂ ಮಾತೂ ಒಂದೇ ತಂತಿಯಲ್ಲಿ ಹೋಗುತ್ತವೆ. ನಿಮ್ಮ ಶಾಲೆಗಳಲ್ಲಿ ಯಾರಾದರೂ ಇಂಥ ಸೆಟ್ಟು ಬಾಡಿಗೆಗೆ ತಂದರೆ ಜ್ಯಾಕು ಕೂಡುತ್ತದೆ ಎಂದು ಕೂಡಿಸಬೇಡಿ.

ಫ್ಯೂಜು ಬದಲಾಯಿಸಿದ ಮೇಲೆ ಸೆಟ್ಟು ಪುಣ್ಯಕ್ಕೆ ಬದುಕಿತು. ಆಗ ಮೂರನೇ ಉಪಾಯ. ಒಂದು ಕಿವಿಗೆ ಇಂಟರ್‌ಕಾಂ, ಇನ್ನೊಂದು ಕಿವಿಗೆ ಸಣ್ಣ ಇಯರ್‌ಫೋನಿನಲ್ಲಿ ನಾಟಕ. ಕೇಳಲು ಇದಕ್ಕಿಂತ ಚೆಂದ ಇನ್ನೊಂದಿಲ್ಲ. ಮಾತು ಒಂದು ಕಡೆ, ಆಟ ಒಂದು ಕಡೆ, ಒಂದರ ಮೇಲೊಂದು ಬೀಳುವುದಿಲ್ಲ. ಎಲ್ಲರೂ ಖುಷಿಯಾದೆವು. ಅವತ್ತೇ ಸಂಜೆ ಕತ್ತಲು ಮಾಡಿ ತಾಲೀಮು ಮಾಡುವಾಗ, ಐದನೇ ತರಗತಿಯ ಒಂದು ಮಗು, ಜಿಂಕೆ ಪಾತ್ರದ್ದು, ವಿಂಗಿನಲ್ಲಿ ವೈರಿಗೆ ಎಡವಿ ಬಿದ್ದು ಪರದೆಯ ಅಡಿಯಲ್ಲಿ ಸಿಕ್ಕಿಕೊಂಡಿತು. ಪರದೆಯ ಕೆಳಗೆ ಭಾರದ ಬೊಂಬು. ಮಗು "ಅಣ್ಣಾ, ಅಣ್ಣಾ" ಎಂದು ಕೂಗುತ್ತಿದೆ, ಎರಡು ಮಾರು ದೂರದಲ್ಲಿ ಹಗ್ಗ ಹಿಡಿದ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಪರದೆ ಇಳಿಸುತ್ತಲೇ ಇದ್ದಾನೆ. ಮೇಡಂ ಒಬ್ಬರು ಓಡಿ ಹೋಗಿ ಅವನ ಕೈ ಹಿಡಿದರು. ಮಗುವಿಗೆ ಮೊಣಕೈ ತರಚಿತು, ಅಷ್ಟೇ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾಟಕ ಕೆಟ್ಟರೆ ಕೆಡಲಿ, ಮಕ್ಕಳನ್ನು ಅವರವರ ಮನೆಗೆ ಮುಟ್ಟಿಸಬೇಕಲ್ಲ. ವಿಂಗಿನಲ್ಲಿ ನಿಲ್ಲುವ ಯಾರಿಗೇ ಆಗಲಿ ಒಂದು ಕಿವಿ ಬಯಲಿಗೆ ಬಿಟ್ಟಿರಬೇಕು ಎಂದು ಅಂದೇ ಕಟ್ಟುನಿಟ್ಟು ಮಾಡಿದೆವು.

ಹಾಗಾದರೆ ಒಂದೇ ಕಿವಿಯಲ್ಲಿ ಎರಡನ್ನೂ ಕೂಡಿಸಬೇಕು. ಆ ಜಾಗ ಸೆಟ್ಟಿನಲ್ಲೇ ಇತ್ತು! ಮೇನ್ ಸ್ಟೇಷನ್ನಿನ ಬೆನ್ನಿಗೆ 'ಪ್ರೋಗ್ರಾಂ' ಎಂದು ಬರೆದ ಒಂದು ತೂತು, ಮುಂದೆ ಅದಕ್ಕೊಂದು ತಿರುಗಣಿ. ಹೊರಗಿನ ದನಿಯನ್ನು ಅಲ್ಲಿ ಕೊಟ್ಟರೆ ಅದು ಕರೆಂಟಿನ ತಂಟೆಗೆ ಹೋಗದೆ ಮಾತಿನ ಜೊತೆ ಬೆರೆಯುತ್ತದೆ. ತಿರುಗಣಿಯಿಂದ ನಾಟಕವನ್ನು ಮಾತಿಗಿಂತ ಒಂದು ಮೆಟ್ಟಿಲು ಕೆಳಗಿಡಬೇಕು. ಕೆಲವು ಮಾದರಿಗಳಲ್ಲಿ ಮೇನ್ ಸ್ಟೇಷನ್ನಿನವರು ಮಾತಿನ ಗುಂಡಿ ಒತ್ತಿದಾಗ ನಾಟಕದ ದನಿ ತಾನಾಗಿ ಸುಮ್ಮನಾಗುವ ವ್ಯವಸ್ಥೆಯೂ ಇದೆ. ಮಿಕ್ಸರಿಗೂ ಇದಕ್ಕೂ ನಡುವೆ ಒಂದಕ್ಕೊಂದು ಸಮ ಸುತ್ತಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಜನರೇಟರಿನ 'ಗುಂಯ್' ಕೂಡ ನಿಂತಿತು. ಎರಡು ಯಂತ್ರದ ಅರ್ತುಗಳು ಬೇರೆ ಬೇರೆ ದಾರಿಯಲ್ಲಿ ನೆಲ ಸೇರಿದರೆ ಆ ಗುಂಯ್‌ಗುಟ್ಟುವಿಕೆ ಬರುತ್ತದಂತೆ.

ಇನ್ನೂ ಒಂದು ಮಾತು. ಮಿಕ್ಸರಿನಿಂದ ತಂದರೆ ಮೈಕಿಗೆ ಸಿಕ್ಕಿದ್ದಷ್ಟೇ ಬರುತ್ತದೆ. ಬಿಲ್ಲು ನೆಲಕ್ಕಿಟ್ಟ ಸದ್ದು, ಕಾಲಿನ ಸದ್ದು ಬರುವುದಿಲ್ಲ. ನಮಗೆ ಬೇಕಾಗಿದ್ದದ್ದು ಅದೇ. ಹಾಗಾಗಿ ವೇದಿಕೆಯ ಮೇಲೆ ಒಂದು ಮೈಕು ತೂಗುಹಾಕಿ, ಅದನ್ನು ಸ್ಪೀಕರಿಗೆ ಬಿಡದೆ ಬರೀ ಹೆಡ್‌ಸೆಟ್ಟಿಗೆ ಬಿಟ್ಟೆವು. ಮೊಬೈಲಿನ ಗ್ರೂಪ್ ಕಾಲ್ ಸಾಕಲ್ಲ ಎಂದು ಕೇಳಿದವರಿದ್ದಾರೆ. ಮಾಡಿ ನೋಡಿದೆವು. ಮಾತು ತಡವಾಗಿ ಬರುತ್ತದೆ. ಚಾಕು ಎತ್ತಿದ ಮೇಲೆ ಅಷ್ಟು ಹೊತ್ತು ಕಾಯುವುದಾದರೆ ಟಾರ್ಚೇ ವಾಸಿಯಿತ್ತು.

ದೀಪದ ಬೋರ್ಡಿಗೆ ಕೂರಲು ಬಂದ ಆಪರೇಟರು ಒಳ್ಳೆಯ ಕೆಲಸಗಾರರು, ಆದರೆ ಅವರಿಗೆ ತೆಲುಗು ಬಿಟ್ಟು ಬೇರೆ ಬರದು. ಕಿವಿಗೆ ಕನ್ನಡ ನಾಟಕ ಬಿದ್ದು ಏನು ಉಪಯೋಗ? ಅವರ ಪಕ್ಕ ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಕೂರಿಸಿದೆವು. ಇಡೀ ನಾಟಕ ಅವಳಿಗೆ ಬಾಯಿಪಾಠ. ಅದನ್ನು ಕಿವಿಯಲ್ಲಿ ಕೇಳುತ್ತಾ, ಸಾಲಿಗೆ ಮುಂಚೆ "ರೆಡಿ ಅಣ್ಣಾ", ಸಾಲು ಮುಗಿಯುತ್ತಲೇ "ತೀಸೇಯ್" ಎನ್ನುತ್ತಿದ್ದಳು. ಎರಡನೇ ದಿನ ಆಪರೇಟರು ತಮ್ಮ ಕೈಯನ್ನು ಸ್ವಿಚ್ಚಿನಿಂದ ತೆಗೆದು ಅವಳ ಕೈಯನ್ನೇ ಇಟ್ಟರು. ಅವಳ ಅಪ್ಪ ಕನ್ನಡ ಮೀಡಿಯಂ ಬಿಡಿಸಬೇಕೆಂದು ದೀಪಾವಳಿಯಿಂದಲೂ ಟಿ.ಸಿ. ಕೇಳುತ್ತಿದ್ದರು. ಜೂನಿನಲ್ಲಿ ತೆಗೆದುಕೊಂಡೂ ಹೋದರು, ಆ ಮಾತು ಬೇರೆ.

ಪ್ರಯೋಗದ ದಿನ ನಾವು ಮುಂದಿನ ಸಾಲಿನಲ್ಲಿ ಕೂತಿದ್ದೆವು. ಏಕಲವ್ಯ ಬಿಲ್ಲು ನೆಲಕ್ಕಿಟ್ಟ. ಹೆಡ್‌ಸೆಟ್ಟಿನಲ್ಲಿ ಅದು ಟಕ್ ಎಂದು ಕೇಳಿತು. "ರೆಡಿ" ಎಂದಳು ಹುಡುಗಿ. ಚಾಕು ಎದ್ದಿತು, ಕತ್ತಲಾಯಿತು, ಡೋಲು ಬಿತ್ತು. ಯಾರೂ ನಗಲಿಲ್ಲ. ಕತ್ತಲಲ್ಲಿ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಹುಡುಗನ ಉಸಿರು ಆ ತೂಗು ಮೈಕಿನಿಂದ ನಮ್ಮ ಐದು ಮಂದಿಯ ಕಿವಿಗೆ ಮಾತ್ರ ಕೇಳುತ್ತಿತ್ತು.

ಎಲ್ಲ ಮುಗಿದು ವೈರು ಸುತ್ತುವಾಗ ಅವಳ ಅಪ್ಪ ಬೋರ್ಡಿನ ಹತ್ತಿರ ಬಂದು, "ಅದ್ರಾಗ ಏನ್ ಕೇಳ್ತಿತ್ತವ್ವ ನಿನಗ?" ಎಂದರು. ಅವಳು ಹೆಡ್‌ಸೆಟ್ಟು ತೆಗೆದು ಅವರ ಕಿವಿಗೆ ಇಟ್ಟಳು. ಅಷ್ಟರಲ್ಲಿ ವೇದಿಕೆ ಖಾಲಿಯಾಗಿತ್ತು. ಯಾರೋ ಕಸ ಗುಡಿಸುತ್ತಿದ್ದರು. ಅವರು ಅದನ್ನೇ ಬಹಳ ಹೊತ್ತು ಕೇಳುತ್ತಾ ನಿಂತಿದ್ದರು.