ಬೀಕರು ಬಿಟ್ಟು ಹಾಜರಿ ಪುಸ್ತಕಕ್ಕೆ

ಯುಗಾದಿ ಊಟದ ಪಂಕ್ತಿಯಲ್ಲಿ ನಮ್ಮ ಕೂಟದ ಹಿರಿಯರೊಬ್ಬರು, "ಏನು ಡಾಕ್ಟರೇ, ಪಿಎಚ್.ಡಿ. ಮಾಡಿದ್ದು ಜನರ ರಜೆ ಲೆಕ್ಕ ಬರೆಯೋಕೇನ್ರೀ?" ಎಂದು ಕೇಳಿಯೇ ಬಿಟ್ಟರು. ಸುದ್ದಿ ನಮಗಿಂತ ಮೊದಲೇ ಬಂದು ಎಲೆಯ ಮುಂದೆ ಕುಳಿತಿತ್ತು. ಎಂಟು ವರ್ಷ ಬಣ್ಣಗಳ ರಸಾಯನದಲ್ಲಿ ಕೈಯಾಡಿಸಿದ ನಮ್ಮನ್ನು ಕಂಪನಿಯವರು ಸಿಬ್ಬಂದಿ ವಿಭಾಗಕ್ಕೆ, ಅಂದರೆ ಈಗಿನವರು ಎಚ್.ಆರ್. ಎನ್ನುವಲ್ಲಿಗೆ, ಕರೆದಿದ್ದರು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ.

ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಲಿಲ್ಲ. ನಾವಿರುವ ಈ ಮಿಷಿಗನ್ನಿನಲ್ಲೇ ಮೇರಿ ಬಾರಾ ಅವರ ಕಥೆಯಿದೆ. ತಂದೆ ಪಾಂಟಿಯಾಕ್ ಕಾರ್ಖಾನೆಯಲ್ಲಿ 39 ವರ್ಷ ಅಚ್ಚು ತಯಾರಿಸಿದವರು. ಮಗಳು 1980ರಲ್ಲಿ, 18ನೆಯ ವಯಸ್ಸಿಗೇ, ಓದುತ್ತಲೇ ದುಡಿಯುವ ವಿದ್ಯಾರ್ಥಿನಿಯಾಗಿ ಜನರಲ್ ಮೋಟರ್ಸ್ ಸೇರಿ ಕಾರಿನ ಫೆಂಡರು, ಬಾನೆಟ್ಟುಗಳನ್ನು ತಪಾಸಣೆ ಮಾಡಿದರು. ಮುಂದೆ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು, ಕಾರ್ಖಾನೆಯೊಂದನ್ನು ನಡೆಸಿದರು. 2009ರ ಜೂನ್ 1ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಆಕೆಯನ್ನು ಸಿಬ್ಬಂದಿ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದರು.

ಅಲ್ಲಿ ಉಡುಪಿನ ನಿಯಮಗಳೇ ಹತ್ತು ಪುಟವಿದ್ದವಂತೆ. ಆಕೆ ಅದನ್ನು ಕಷಾಯದಂತೆ ಬತ್ತಿಸಿ ಎರಡೇ ಮಾತಿಗೆ ಇಳಿಸಿದರು: "ತಕ್ಕಂತೆ ಉಡಿ." ಅಧಿಕಾರಿಯೊಬ್ಬರು ತಕರಾರು ತೆಗೆದರು. ಸರ್ಕಾರದವರನ್ನು ದಿಢೀರನೆ ಕಾಣಬೇಕಾಗಿ ಬಂದರೆ ಗತಿಯೇನು? ನಿಮ್ಮವರನ್ನೇ ಕೇಳಿ ನೋಡಿ ಎಂದರು ಈಕೆ. ಅವರು ಒಳ್ಳೆಯ ಪ್ಯಾಂಟೊಂದನ್ನು ಲಾಕರಿನಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದರು. ಅಲ್ಲಿಗೆ ತಕರಾರು ಮುಗಿಯಿತು. 2011ರಲ್ಲಿ ಹೊಸ ಕಾರುಗಳನ್ನು ರೂಪಿಸುವ ವಿಭಾಗ ಆಕೆಯ ಕೈಗೆ ಬಂತು. 2014ರ ಜನವರಿಯಲ್ಲಿ ಇಡೀ ಕಂಪನಿಯೇ ಬಂತು.

ನಮಗೆ ಹಿಡಿಸಿದ್ದು ಆಕೆ ಏರಿದ ಎತ್ತರವಲ್ಲ. ಫೆಂಡರು ಮುಟ್ಟಿ ನೋಡಿದ ಕೈ ಜನರ ಕಡತವನ್ನೂ ಹಿಡಿಯಿತಲ್ಲ, ಅದು.

ಎರಡು ವರ್ಷದ ಹಿಂದೆ ನಮ್ಮ ಪ್ರಯೋಗಾಲಯದ ಒಂದು ಭಾಗವನ್ನು ಮುಚ್ಚಿದರು. ಪಕ್ಕದ ಬೆಂಚಿನ ಟೆಕ್ನೀಷಿಯನ್ 22 ವರ್ಷ ದುಡಿದವರು. ಸಿಬ್ಬಂದಿ ವಿಭಾಗದಿಂದ ಬಂದವರು ಕಾಗದ ನೋಡಿಕೊಂಡು ಅವರ ಹೆಸರನ್ನೇ ತಪ್ಪಾಗಿ ಓದಿದರು. ಅವರ ಕೆಲಸವೇನೆಂಬುದೂ ಇವರಿಗೆ ತಿಳಿದಿರಲಿಲ್ಲ. ಆತ ತಲೆಯಾಡಿಸಿ, ಕೋಟು ಕಳಚಿ, ಮಡಿಚಿಟ್ಟು ಹೋದರು. ನಾವು ಬೀಕರು ತೊಳೆಯುತ್ತ ಸುಮ್ಮನೆ ನಿಂತಿದ್ದೆವು. ತೊಳೆದ ಬೀಕರನ್ನೇ ಮತ್ತೆ ಮತ್ತೆ ತೊಳೆದದ್ದು ಇಂದಿಗೂ ನೆನಪಿದೆ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನಮ್ಮಾಕೆ, "ಅಂಥ ಪಟ್ಟಿ ನಾಳೆ ನಿಮ್ಮ ಕೈಗೇ ಬಂದರೆ?" ಎಂದರು. ತಡೆಯುವ ಶಕ್ತಿ ಇದ್ದೀತೆಂದು ಹೇಳಲಾರೆವು. ಹೆಸರನ್ನಾದರೂ ಸರಿಯಾಗಿ ಕರೆಯಬಹುದು. ಆತ ಏನು ಬಲ್ಲವರೆಂದು ಪಟ್ಟಿ ಬರೆಯುವ ಮುಂಚೆಯೇ ಮೇಲಿನವರಿಗೆ ಹೇಳಬಹುದು.

ಬರುವ ತಿಂಗಳು ಒಂದನೆಯ ತಾರೀಖು ಹೊಸ ಕುರ್ಚಿ. ಪಂಕ್ತಿಯಲ್ಲಿ ಕೇಳಿದ ಹಿರಿಯರಿಗೆ ಇಲ್ಲೇ ಉತ್ತರ ಒಪ್ಪಿಸಿದ್ದೇವೆ: ಹೌದು ಸ್ವಾಮಿ, ರಜೆ ಲೆಕ್ಕವನ್ನೂ ಬರೆಯುತ್ತೇವೆ.