ಬಲೂನಿನ ಆಚೆಗಿನ ಒತ್ತಡ

ಕ್ಯಾತ್ ಲ್ಯಾಬಿನ ಚಳಿ ಮೊದಲು ಬೆರಳ ತುದಿಗೆ ತಾಗುತ್ತದೆ. ಹೆಗಲ ಮೇಲೆ ಸೀಸದ ಏಪ್ರನ್ನಿನ ಭಾರ. ಬೆಂಗಳೂರಿನ ಆಸ್ಪತ್ರೆಯೊಂದರ ಈ ಕೋಣೆಯಲ್ಲಿ, ಐವತ್ತು ದಾಟಿದ ರೈತರೊಬ್ಬರು ತಲೆಯನ್ನು ಎಡಕ್ಕೆ ಹೊರಳಿಸಿ ನಿಮ್ಮೆದುರು ಮಲಗಿದ್ದಾರೆ. ಲಿವರ್ ಸಿರೋಸಿಸ್. ಹೊಟ್ಟೆಯಲ್ಲಿ ನೀರು ತುಂಬಿಲ್ಲ, ರಕ್ತ ವಾಂತಿ ಆಗಿಲ್ಲ. ಆದರೆ ಅವರ ಅಣ್ಣ ರಕ್ತ ಕಕ್ಕಿಯೇ ತೀರಿಕೊಂಡವರು.

"ಸೂಜಿ ಚುಚ್ತೀನಿ ಯಜಮಾನ್ರೇ, ಸ್ವಲ್ಪ ಉರಿಯುತ್ತೆ. ಅಲ್ಲಾಡಬೇಡಿ."

ಕತ್ತಿನ ಬಲಬದಿಯ ಅಭಿಧಮನಿಯಿಂದ ತೆಳು ತಂತಿ ಕೆಳಗಿಳಿಯುವುದು ಬೂದು ಪರದೆಯ ಮೇಲೆ ಕಾಣುತ್ತದೆ. ಹೃದಯದ ಬಲ ಮೇಲ್ಕೋಣೆಗೆ ಬಂದಾಗ ಇಸಿಜಿಯ ತಾಳ ಒಮ್ಮೆ ತಪ್ಪುತ್ತದೆ.

"ಎದೆ ಡವಡವ ಅಂತೈತೆ ಸಾರ್."

"ತಂತಿ ತಾಗಿದ್ದಕ್ಕೆ. ಈಗ ಸರಿಹೋಗುತ್ತೆ."

ತಂತಿಯ ಹಿಂದೆಯೇ ಬಂದ ಕ್ಯಾಥೆಟರ್ ಲಿವರಿನಿಂದ ರಕ್ತ ಹೊರಬರುವ ನಾಳವನ್ನು ಹೊಗುತ್ತದೆ. ಅಲ್ಲಿನ ಒತ್ತಡ ಪಾದರಸದ 7 ಮಿಲಿಮೀಟರ್. ಈಗ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ನಾಳವನ್ನು ಮುಚ್ಚುತ್ತಾರೆ. ಹರಿವು ನಿಲ್ಲುತ್ತದೆ, ನಿಂತ ರಕ್ತದ ಮೂಲಕ ಲಿವರಿನ ಒಳಗಿನ ಒತ್ತಡ ಕ್ಯಾಥೆಟರಿಗೆ ಬಂದು ಮುಟ್ಟುತ್ತದೆ. ಗೆರೆ ಏರುತ್ತದೆ: 15, 19, 22. ಅಲ್ಲೇ ನಿಲ್ಲುತ್ತದೆ. ಎರಡರ ಅಂತರ 15. ಆರೋಗ್ಯವಂತರಲ್ಲಿ ಅದು 5 ಮೀರುವುದಿಲ್ಲ. 10 ಮುಟ್ಟಿದರೆ ತೊಡಕುಗಳ ಭಯ, 12 ದಾಟಿದರೆ ಅನ್ನನಾಳದ ಉಬ್ಬಿದ ನಾಳಗಳು ಒಡೆಯುವ ಭಯ.

ಬಲೂನಿನ ಆಚೆಗೆ ಹೋಗಿ ನಿಲ್ಲಿ. ಲಿವರಿನ ಸೂಕ್ಷ್ಮ ರಕ್ತನಾಳಗಳ ಒಳಪದರದಲ್ಲಿ ಮೊದಲು ಕಿಂಡಿಗಳಿದ್ದವು, ರಕ್ತದ ದ್ರವಾಂಶ ಲಿವರಿನ ಕೋಶಗಳನ್ನು ಸಲೀಸಾಗಿ ಮುಟ್ಟುತ್ತಿತ್ತು. ಈಗ ಕಿಂಡಿಗಳು ಮುಚ್ಚಿಹೋಗಿವೆ. ನಾಳಗಳನ್ನು ಅಪ್ಪಿಕೊಂಡಿರುವ ಸ್ಟೆಲೇಟ್ ಕೋಶಗಳು ಒಂದು ಕಾಲಕ್ಕೆ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿದ್ದವು. ವರ್ಷಗಟ್ಟಲೆಯ ಮದ್ಯದ ಪೆಟ್ಟಿಗೆ ಆ ದಾಸ್ತಾನು ಕಳೆದುಕೊಂಡು, ನಾರು ಹೆಣೆಯುತ್ತಾ, ಸ್ನಾಯುವಿನಂತೆ ನಾಳವನ್ನು ಹಿಸುಕುತ್ತಿವೆ. ಅವುಗಳನ್ನು ಸಡಿಲಗೊಳಿಸಬೇಕಾದ ನೈಟ್ರಿಕ್ ಆಕ್ಸೈಡ್ ಇಲ್ಲಿ ಕಡಿಮೆ, ಬಿಗಿಗೊಳಿಸುವ ಎಂಡೋಥೀಲಿನ್ ಹೆಚ್ಚು. ಲಿವರಿನ ಒಳಗಿನ ಪ್ರತಿರೋಧದಲ್ಲಿ ಸುಮಾರು ಶೇ. 30ರವರೆಗೆ ಈ ಹಿಸುಕಿನ ಪಾಲು. ಕಲೆಗಟ್ಟಿದ ಲಿವರ್ ಕಲ್ಲಾಯಿತು, ಇನ್ನೇನೂ ಮಾಡಲಾಗದು ಎನ್ನುವವರಿಗೆ ಈ ಒಂದು ಸಂಗತಿಯನ್ನು ಹೇಳಲೇಬೇಕು.

ಇನ್ನು ಕರುಳಿನ ಕಡೆಗೆ ಇಳಿಯಿರಿ. ದಾರಿ ಇಕ್ಕಟ್ಟಾದ ಮೇಲೆ ಬರುವ ರಕ್ತವೂ ಕಡಿಮೆಯಾಗಬೇಕಲ್ಲವೇ? ಆಗುವುದು ತದ್ವಿರುದ್ಧ. ಲಿವರಿನಲ್ಲಿ ಸಾಲದಾದ ನೈಟ್ರಿಕ್ ಆಕ್ಸೈಡ್ ಕರುಳಿನ ಅಪಧಮನಿಗಳಲ್ಲಿ ಅತಿಯಾಗಿದೆ. ಅವು ಸಡಿಲಗೊಂಡು ಅಗಲವಾಗಿವೆ, ಕರುಳಿನಿಂದ ಲಿವರಿಗೆ ಹೋಗುವ ಪೋರ್ಟಲ್ ನಾಳಕ್ಕೆ ರಕ್ತ ಇನ್ನಷ್ಟು ನುಗ್ಗುತ್ತಿದೆ. ಒಂದೇ ದೇಹ, ನಾಳಗಳಿಗೆ ಒಂದೇ ಬಗೆಯ ಒಳಪದರ, ಎರಡು ಕಡೆ ಎರಡು ವಿರುದ್ಧ ತಪ್ಪು. ಈ ಕಾಯಿಲೆಯ ಕ್ರೌರ್ಯ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಅತ್ತ ಅಪಧಮನಿಗಳು ಸಡಿಲವಾದದ್ದನ್ನು ಮೂತ್ರಪಿಂಡಗಳು ರಕ್ತದ ಕೊರತೆಯೆಂದೇ ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಡತೊಡಗುತ್ತವೆ. ಜಲೋದರಕ್ಕೆ ದಾರಿ ಹೀಗೆ.

ತೂಬು ಕಟ್ಟಿಕೊಂಡರೆ ನೀರು ಬದು ಒಡೆದು ಪಕ್ಕದ ಗದ್ದೆಗೆ ನುಗ್ಗುವಂತೆ, ರಕ್ತ ಅಡ್ಡದಾರಿ ಹುಡುಕುತ್ತದೆ. ಅನ್ನನಾಳದ ಕೆಳತುದಿಯ ತೆಳುಗೋಡೆಯ ನಾಳಗಳು ಇಂಥ ಹೊರೆಗೆ ಹುಟ್ಟಿದವಲ್ಲ.

ಬಲೂನು ಇಳಿಯುತ್ತದೆ, ಕ್ಯಾಥೆಟರ್ ಹೊರಬರುತ್ತದೆ. ನರ್ಸ್ ಕತ್ತಿನ ಗಾಯವನ್ನು ಒತ್ತಿ ಹಿಡಿದಿದ್ದಾರೆ. ಪ್ರೊಪ್ರನೊಲಾಲ್ ಮಾತ್ರೆಯಿಂದ ಈ ಒತ್ತಡ ಇಳಿಯುತ್ತದೆಂದು ಪ್ಯಾರಿಸ್ ಪಕ್ಕದ ಕ್ಲಿಶಿಯಲ್ಲಿ ಡಿಡಿಯೆ ಲೆಬ್ರೆಕ್ ಮತ್ತು ಸಂಗಡಿಗರು ತೋರಿಸಿದ್ದು 1980ರ ಸುಮಾರಿಗೆ. ಅದು ಕರುಳಿನ ಕಡೆಯಿಂದ ಬರುವ ರಕ್ತವನ್ನು ತಗ್ಗಿಸುತ್ತದೆ. ಇಂದು ಇವರಿಗೆ ಬರೆಯುತ್ತಿರುವ ಕಾರ್ವೆಡಿಲಾಲ್ ಅದರ ಜೊತೆಗೆ ಲಿವರಿನ ಒಳಗಿನ ಬಿಗಿಯನ್ನೂ ಒಂದಿಷ್ಟು ಸಡಿಲಿಸುತ್ತದೆ. ಆರಂಭಕ್ಕೆ ದಿನಕ್ಕೆ 6.25 ಮಿಲಿಗ್ರಾಂ.

"ನಮ್ಮಣ್ಣನಂಗೆ ನಂಗೂ ಆಯ್ತದಾ ಸಾರ್?"

ವೈದ್ಯರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ. "ಒತ್ತಡ ಜಾಸ್ತಿನೇ ಇದೆ, ಸುಳ್ಳು ಹೇಳಲ್ಲ. ಆದ್ರೆ ಇನ್ನೂ ಯಾವ ನರವೂ ಒಡೆದಿಲ್ಲ, ನಮಗೆ ಸಮಯ ಇದೆ. ಕುಡಿಯೋದು ಪೂರ್ತಿ ನಿಲ್ಲಬೇಕು. ಮಾತ್ರೆ ತಗೊಂಡು ತಲೆಸುತ್ತು ಬಂದ್ರೆ ಫೋನ್ ಮಾಡಿ, ನೀವಾಗೇ ಬಿಡಬೇಡಿ. ಸೋಮವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ, ಎಂಡೋಸ್ಕೋಪಿ ಮಾಡಿ ಅನ್ನನಾಳ ನೋಡೋಣ."