ಅಟ್ಲಾಂಟಿಕ್ ಮೇಲೆ ಒಂಟಿ ರಾತ್ರಿ

ಎತ್ತರ ತೋರಿಸುವ ಆಲ್ಟಿಮೀಟರ್‌ನ ಮುಳ್ಳುಗಳು ಇದ್ದಕ್ಕಿದ್ದಂತೆ ಹಿಡಿತ ತಪ್ಪಿ ಗಿರಗಿರನೆ ತಿರುಗತೊಡಗಿದವು. ಕೆಳಗೆ ಅಟ್ಲಾಂಟಿಕ್ ಸಾಗರ. ವಿಮಾನದಲ್ಲಿ ಇರುವವಳು ಆಕೆ ಒಬ್ಬಳೇ. ಹನ್ನೆರಡು ವರ್ಷಗಳ ಹಾರಾಟದಲ್ಲಿ ಈ ಉಪಕರಣ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಇನ್ನು ನೀರಿನಿಂದ ತಾನೆಷ್ಟು ಮೇಲಿದ್ದೇನೆ ಎಂಬುದನ್ನು ಕಣ್ಣಂದಾಜಿನಲ್ಲೇ ತಿಳಿಯಬೇಕು. ಮೋಡಗಳ ಮೇಲೆ ಬೆಳದಿಂಗಳಿತ್ತು, ಅಷ್ಟೇ ಸಮಾಧಾನ. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ.

ಅದು 1932ರ ಮೇ 20ರ ರಾತ್ರಿ. ವಿಮಾನ ಲಾಕ್‌ಹೀಡ್ ವೇಗಾ: ಒಂದೇ ಎಂಜಿನ್, ಮರದ ಒಡಲು, ಕೆಂಪು ಬಣ್ಣ. ನಡೆಸುತ್ತಿದ್ದವಳು 34 ವರ್ಷದ ಅಮೇಲಿಯಾ ಇಯರ್‌ಹಾರ್ಟ್. 1937ರಲ್ಲಿ ಪೆಸಿಫಿಕ್ ಮೇಲೆ ಕಾಣೆಯಾದವಳು ಎಂದೇ ನಾವು ಆಕೆಯನ್ನು ಬಲ್ಲೆವು. ಹೇಗೆ ಕಾಣೆಯಾದಳು ಎಂಬ ಊಹಾಪೋಹಗಳ ರಾಶಿಯ ಕೆಳಗೆ, ಆಕೆ ಒಮ್ಮೆ ಹೇಗೆ ಬದುಕಿ ಬಂದಳು ಎಂಬುದು ಹೂತುಹೋಗಿದೆ. ಆಕೆಯ ನಿಜವಾದ ಕಥೆ ಈ ರಾತ್ರಿಯದು ಎಂದು ನಾನು ನಂಬಿದ್ದೇನೆ.

1928ರಲ್ಲೇ ಆಕೆ ಅಟ್ಲಾಂಟಿಕ್ ದಾಟಿದ್ದಳು, ಆದರೆ ಪ್ರಯಾಣಿಕಳಾಗಿ. ವಿಮಾನ ನಡೆಸಿದವರು ಬೇರೆಯವರು, ಮೆರವಣಿಗೆ ಸಿಕ್ಕಿದ್ದು ಈಕೆಗೆ. ಆ ಹೊಗಳಿಕೆ ಆಕೆಗೆ ಚುಚ್ಚುತ್ತಲೇ ಇತ್ತು. ತನ್ನದಲ್ಲದ ಕೀರ್ತಿಯನ್ನು ತನ್ನದಾಗಿಸಿಕೊಳ್ಳಲು ಇದ್ದದ್ದು ಒಂದೇ ದಾರಿ: ಒಬ್ಬಳೇ ಹಾರುವುದು. ಚಾರ್ಲ್ಸ್ ಲಿಂಡ್‌ಬರ್ಗ್ ಒಂಟಿಯಾಗಿ ಉತ್ತರ ಅಟ್ಲಾಂಟಿಕ್ ದಾಟಲು ಹೊರಟು ಸರಿಯಾಗಿ ಐದು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅದನ್ನು ಮತ್ತೊಬ್ಬರು ಮಾಡಿ ತೋರಿಸಿರಲಿಲ್ಲ.

ನ್ಯೂಯಾರ್ಕ್‌ನ ಹವಾಮಾನ ತಜ್ಞ ಜೇಮ್ಸ್ ಕಿಂಬಾಲ್ ಸಾಗರದ ಹಡಗುಗಳಿಂದ ಬಂದ ವರದಿಗಳನ್ನು ಜೋಡಿಸಿ ಹೊರಡಬಹುದು ಎಂದಿದ್ದರು. ಆಗಿನ ಕಾಲಕ್ಕೆ ಅದಕ್ಕಿಂತ ಉತ್ತಮ ಮುನ್ಸೂಚನೆ ಸಿಗುವಂತಿರಲಿಲ್ಲ. ಆದರೆ ಹಡಗಿಲ್ಲದ ಕಡೆ ಏನಾಗುತ್ತಿದೆ ಎಂದು ಯಾರು ಹೇಳಬೇಕು? ನ್ಯೂಫೌಂಡ್‌ಲ್ಯಾಂಡಿನ ಹಾರ್ಬರ್ ಗ್ರೇಸ್‌ನಿಂದ ಸಂಜೆ 7 ಗಂಟೆ 12 ನಿಮಿಷಕ್ಕೆ ಗಾಲಿಗಳು ನೆಲ ಬಿಟ್ಟವು. ಟ್ಯಾಂಕುಗಳಲ್ಲಿ 420 ಗ್ಯಾಲನ್ ಇಂಧನ, ಗುರಿ ಪ್ಯಾರಿಸ್.

ಆಲ್ಟಿಮೀಟರ್ ಹೋದ ಮೇಲೆ ಬಿರುಗಾಳಿ ಬಂತು. ಚಂದ್ರ ಮಾಯ. ಮಿಂಚು ಹೊಡೆದಾಗ ಮಾತ್ರ ರೆಕ್ಕೆಗಳು ಕಾಣುತ್ತವೆ, ಮರುಕ್ಷಣ ಮತ್ತೆ ಕಗ್ಗತ್ತಲು. ಗಾಳಿ ವಿಮಾನವನ್ನು ಎತ್ತಿ ಎತ್ತಿ ಕುಕ್ಕುತ್ತಿದೆ. ದಿಕ್ಕು ತಪ್ಪದಂತೆ ಹಿಡಿದಿಡುವುದೇ ಹೋರಾಟ.

ಇಂಥ ಹೊತ್ತಿನಲ್ಲಿ ಪೈಲಟ್‌ನ ಮೊದಲ ಶತ್ರು ಅವನ ಕಿವಿಯೇ. ಒಳಗಿವಿಯ ಪುಟ್ಟ ನಾಳಗಳಲ್ಲಿರುವ ದ್ರವ ಅಲುಗಿದಾಗ ದೇಹ ತಿರುಗುತ್ತಿದೆ ಎಂದು ಮಿದುಳಿಗೆ ತಿಳಿಯುತ್ತದೆ. ಆದರೆ ತಿರುವು ನಿಧಾನವಾಗಿ, ಒಂದೇ ಸಮನೆ ಸಾಗಿದರೆ ಆ ದ್ರವವೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಗ ನೇರವಾಗಿ ಹೋಗುತ್ತಿದ್ದೇನೆ ಎಂದೇ ಅನಿಸುತ್ತದೆ. ವಾಲಿದ ವಿಮಾನ ಮಾತ್ರ ಸುರುಳಿ ಸುತ್ತುತ್ತ ಇಳಿಯುತ್ತಿರುತ್ತದೆ. ಎತ್ತರ ಇಳಿಯುತ್ತಿರುವುದನ್ನು ಕಂಡು ಪೈಲಟ್ ಮೂತಿ ಎತ್ತಲು ಎಳೆಯುತ್ತಾನೆ, ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರುವ ತರಬೇತಿಯಿಲ್ಲದ 20 ಪೈಲಟ್‌ಗಳ ಮೇಲೆ ಪ್ರಯೋಗ ನಡೆಯಿತು. ಹೊರಗಿನ ನೋಟ ಮರೆಯಾದ ಮೇಲೆ ಅವರು ವಿಮಾನದ ಹತೋಟಿ ಕಳೆದುಕೊಳ್ಳಲು ಹಿಡಿದ ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷವೂ ಇಲ್ಲ. ಅಮೇಲಿಯಾ ಗಂಟೆಗಟ್ಟಲೆ ಆ ಕತ್ತಲಲ್ಲಿದ್ದಳು. ಉಪಕರಣ ನಂಬಿ ಹಾರುವುದನ್ನು ಕಲಿತೇ ಹೊರಟಿದ್ದಳು ಎಂಬುದು ಆಕೆಯನ್ನು ಉಳಿಸಿದ ಮೊದಲ ಸಂಗತಿ.

ಅಷ್ಟರಲ್ಲಿ ಎಂಜಿನ್ ಕಡೆ ಕಣ್ಣು ಹಾಯಿತು. ಹೊಗೆ ಕೊಳವೆಯ ಬೆಸುಗೆಯಲ್ಲಿ ಬಿರುಕು, ಆ ಬಿರುಕಿನಿಂದ ನೀಲಿ ಜ್ವಾಲೆ! ಕಾದು ಕೆಂಪಾದ ಲೋಹ, ಹಿಂದೆಯೇ ಇಂಧನ ತುಂಬಿದ ಮರದ ವಿಮಾನ. ಹಿಂದಿರುಗಲೇ? ಇಷ್ಟು ಭಾರ ಹೊತ್ತು, ಎತ್ತರ ತಿಳಿಯದೆ, ದೀಪವಿಲ್ಲದ ಮೈದಾನವನ್ನು ಕತ್ತಲಲ್ಲಿ ಹುಡುಕಿ ಇಳಿಯುವುದು ಮುಂದೆ ಹೋಗುವುದಕ್ಕಿಂತ ಕಡಿಮೆ ಅಪಾಯವೇನಲ್ಲ. ಆಕೆ ಮುಂದಕ್ಕೇ ಹೋದಳು.

ಮೋಡಗಳ ಮೇಲೇರಿದರೆ ಬೆಳಕು ಸಿಕ್ಕೀತೆಂದು ಮೂತಿ ಎತ್ತಿದಳು. ಅರ್ಧ ಗಂಟೆ ಏರಿದ್ದಿರಬೇಕು, ವಿಮಾನ ಮಂಕಾಗತೊಡಗಿತು. ಏರು ನಿಧಾನವಾಯಿತು, ಮೈ ಭಾರವಾಯಿತು. ಮುಂದಿನ ಗಾಜಿನ ಮೇಲೆ ಕೆಸರಿನಂಥ ಹಿಮ. ವೇಗ ತೋರಿಸುವ ಉಪಕರಣವೂ ಹೆಪ್ಪುಗಟ್ಟಿ ಸುಮ್ಮನಾಯಿತು. ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ! ಭಾರ ಹೆಚ್ಚುವುದು ಅದರ ಕೇಡಿನ ಅರ್ಧ ಮಾತ್ರ. ರೆಕ್ಕೆಯ ಆಕಾರವನ್ನೇ ಕೆಡಿಸಿ, ವಿಮಾನವನ್ನು ಮೇಲೆ ಹಿಡಿದಿರುವ ಗಾಳಿಯ ಹರಿವನ್ನು ಅದು ಕದಡಿಬಿಡುತ್ತದೆ.

ಥಟ್ಟನೆ ಆಸರೆ ಕಳಚಿತು. ವೇಗಾ ಬುಗುರಿಯಂತೆ ಸುತ್ತುತ್ತ ಕೆಳಗುರುಳಿತು.

ಎಷ್ಟು ಹೊತ್ತು ಬಿದ್ದಳೋ ಆಕೆಗೇ ತಿಳಿಯಲಿಲ್ಲ. ಹಾರಾಟದ ದಾಖಲೆಗೆಂದು ಮೊಹರು ಮಾಡಿ ಇಟ್ಟಿದ್ದ ಬ್ಯಾರೋಗ್ರಾಫ್ ಯಂತ್ರ ಮಾತ್ರ ಕಾಗದದ ಮೇಲೆ ನೆಟ್ಟಗೆ ಕೆಳಗಿಳಿದ ಒಂದು ಗೆರೆ ಎಳೆದಿತ್ತು: ಸುಮಾರು 3,000 ಅಡಿಯ ಪತನ. ಕೆಳಗಿನ ಗಾಳಿ ತುಸು ಬೆಚ್ಚಗಿತ್ತು, ಮಂಜು ಕರಗಿತು, ಸುಕ್ಕಾಣಿ ಮತ್ತೆ ಮಾತು ಕೇಳಿತು. ಸುತ್ತು ನಿಲ್ಲಿಸಿ, ಮೂತಿ ಎತ್ತಿ ನೇರವಾದಾಗ ಕಂಡದ್ದೇನು? ಸಮುದ್ರದಲೆಗಳ ಬಿಳಿ ನೊರೆ, ತೀರಾ ಹತ್ತಿರದಲ್ಲಿ. ಇನ್ನೊಂದೆರಡು ಸುತ್ತು ಬಿದ್ದಿದ್ದರೆ ಇತಿಹಾಸದಲ್ಲಿ ಆಕೆಯ ಹೆಸರು ಐದು ವರ್ಷ ಮೊದಲೇ ನಾಪತ್ತೆಯಾದವರ ಪಟ್ಟಿ ಸೇರುತ್ತಿತ್ತು.

ಇಲ್ಲಿಂದಾಚೆ ಆಕೆ ತೋರಿದ ತಾಳ್ಮೆ ನನ್ನನ್ನು ಬೆರಗುಗೊಳಿಸುತ್ತದೆ. ಮೇಲೆ ಹೋದರೆ ಮಂಜು, ಕೆಳಗಿಳಿದರೆ ಅಲೆ, ಅಲೆ ಮುಚ್ಚುವಂತೆ ಕಾವಳ. ಎರಡರ ನಡುವೆ ಒಂದು ದಾರಿಯಿದೆ, ಆದರೆ ಅದು ಎಲ್ಲಿದೆ ಎಂದು ಹೇಳಬೇಕಾದ ಉಪಕರಣ ಸತ್ತಿದೆ. ಮಂಜು ಕಟ್ಟುವಂತಾದರೆ ಇಳಿಯುವಳು, ನೀರು ಹತ್ತಿರವಾಯಿತೆನಿಸಿದರೆ ಏರುವಳು. ದಿಕ್ಕಿಗೆ ಇದ್ದ ಆಸರೆ ಗೈರೋ ಯಂತ್ರ. ಕಣ್ಣು ಅದರ ಮೇಲೇ. ದೇಹ ಏನೇ ಹೇಳಲಿ, ಮುಳ್ಳು ಹೇಳಿದ್ದೇ ಸರಿ. ರಾತ್ರಿಯಿಡೀ ಹೀಗೇ. ಹೊಟ್ಟೆಗೆ ಒಂದು ಡಬ್ಬಿ ಟೊಮೆಟೊ ರಸ.

ಬೆಳಕು ಹರಿದರೂ ಕಷ್ಟ ಮುಗಿಯಲಿಲ್ಲ. ಮೀಸಲು ಟ್ಯಾಂಕ್ ತೆರೆದಾಗ ಇಂಧನ ಮಾಪಕ ಸೋರುತ್ತಿರುವುದು ಗೊತ್ತಾಯಿತು. ಪೆಟ್ರೋಲಿನ ಹನಿಗಳು ಕತ್ತಿನ ಮೇಲೆ ಬೀಳುತ್ತಿವೆ, ಆವಿ ಕಣ್ಣುರಿಸುತ್ತಿದೆ, ಮುಂದೆ ಬಿರುಕುಬಿಟ್ಟ ಕೊಳವೆ ಗಡಗಡನೆ ನಡುಗುತ್ತಿದೆ. ಆ ಆವಿ ಆ ಬೆಂಕಿಯನ್ನು ಮುಟ್ಟಿದರೆ ಕ್ಷಣದಲ್ಲಿ ಎಲ್ಲ ಮುಗಿಯಿತು. ಪ್ಯಾರಿಸ್ ಆಸೆಯನ್ನು ಅಲ್ಲೇ ಬಿಟ್ಟಳು. ಗುರಿ ಬಿಟ್ಟುಕೊಡುವ ಈ ನಿರ್ಧಾರ ಸಾಹಸದ ಕಥೆಗಳಲ್ಲಿ ಮೆರೆಯುವುದಿಲ್ಲ. ಹವಾಮಾನ ಕೆಟ್ಟಾಗ ಎಷ್ಟೋ ಪೈಲಟ್‌ಗಳು ಸತ್ತದ್ದು ಇದನ್ನು ಸಮಯಕ್ಕೆ ಸರಿಯಾಗಿ ಮಾಡಲಾಗದೆ.

ಐರ್ಲೆಂಡಿನ ಕರಾವಳಿ ಕಂಡಿತು. ಗುಡ್ಡಗಳ ಮೇಲೆ ಮತ್ತೆ ಗುಡುಗಿನ ಮೋಡ. ಎತ್ತರ ತಿಳಿಯದವಳು ಗುಡ್ಡಗಳತ್ತ ನುಗ್ಗಲಿಲ್ಲ. ರೈಲು ಹಳಿಯೊಂದನ್ನು ಹಿಡಿದು ಲಂಡನ್‌ಡೆರಿಯವರೆಗೆ ಬಂದಳು. ವಿಮಾನ ನಿಲ್ದಾಣ ಕಾಣಲಿಲ್ಲ. ಊರಾಚೆಯ ಕಲ್ಮೋರ್‌ನಲ್ಲಿ ದನ ಮೇಯುವ ಹುಲ್ಲುಗಾವಲೊಂದಿತ್ತು. ದನಗಳು ಬೆದರಿ ಚೆದುರಿದವು, ಕೆಂಪು ವಿಮಾನ ಹುಲ್ಲಿನ ಮೇಲೆ ಓಡಿ ನಿಂತಿತು. ಹೊರಟು 14 ಗಂಟೆ 56 ನಿಮಿಷವಾಗಿತ್ತು. ಕ್ರಮಿಸಿದ್ದು 2,026 ಮೈಲಿ. ಓಡಿಬಂದ ಕೂಲಿಯಾಳು, ದೂರದಿಂದ ಬಂದಿರಾ ಎಂದು ಕೇಳಿದ. ಅಮೆರಿಕದಿಂದ ಎಂದಳು.

ಅಟ್ಲಾಂಟಿಕ್ಕನ್ನು ಎಲ್ಲೂ ನಿಲ್ಲದೆ ಒಂಟಿಯಾಗಿ ದಾಟಿದ ಮೊದಲ ಮಹಿಳೆ ಆಕೆ. ಉತ್ತರ ಅಟ್ಲಾಂಟಿಕ್‌ನ ಒಟ್ಟು ಲೆಕ್ಕದಲ್ಲಿ ಲಿಂಡ್‌ಬರ್ಗ್ ನಂತರ ಎರಡನೆಯವಳು. ಆ ವೇಗಾ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಸ್ವತ್ತು. ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋಗುವ ಕನ್ನಡಿಗರು ಆ ಕಡೆ ಹೋದರೆ ಅದನ್ನು ನೋಡದೆ ಬರಬೇಡಿ. ಜೊತೆಯಲ್ಲಿ ಮೊಮ್ಮಕ್ಕಳಿದ್ದರೆ ಆಕೆ ಕಾಣೆಯಾದ ಕಥೆಗಿಂತ ಮೊದಲು ಈ ಕಥೆ ಹೇಳಿ.